ಪಾಷಾಣದಲ್ಲಿ ಬಂಗಾರ

ಪುಣೆಯ ಈ ಮೂಲೆಯ ಹೆಸರು ಪಾಷಾಣ್.
ಇಲ್ಲಿಯವರಿಗೆ ಬರೀ ಕಲ್ಲು, ನನ್ನ ಕಿವಿಗೆ ವಿಷವೂ ಹೌದು.
ಕೆಲಸ ಸಿಕ್ಕ ದಿನ ಫೋನಿನಲ್ಲಿ ಅಪ್ಪ ನಕ್ಕಿದ್ದ:
"ಪಾಷಾಣದಲ್ಲಿ ಕೂತು ಬಂಗಾರದ ಕೆಲಸವೆ?
ಜೋಪಾನ ತಂಗೀ, ನಾವು ಅದನ್ನು ಇಲಿಗೆ ಇಡುತ್ತೇವೆ."

ಅಂಕೋಲೆ ಪೇಟೆಯಲ್ಲಿ ಅವನದು ಮೂರು ಮೊಳದ ಅಂಗಡಿ.
ಊದುಗೊಳವೆ, ಇಕ್ಕಳ,
ಉಸಿರು ತಾಗದಂತೆ ಗಾಜಿನ ಪೆಟ್ಟಿಗೆಯಲ್ಲಿ ತಕ್ಕಡಿ,
ತಟ್ಟೆಯಲ್ಲಿ ಐದಾರು ಗುಲಗಂಜಿ.
ಸಂಜೆ ಗುಡಿಸಿದ ಕಸವನ್ನೂ ಡಬ್ಬಿಗೆ ತುಂಬುತ್ತಿದ್ದ.

ನಾನು ಕುದಿಸುವುದು ಆ ಕಸದಲ್ಲಿದ್ದುದಕ್ಕಿಂತ ಕಡಿಮೆ.
ಹಳದಿ ನೀರು, ಚಿಟಿಕೆ ಸಿಟ್ರೇಟು.
ಮೊದಲು ಬಣ್ಣ ಸಾಯುತ್ತದೆ,
ಆಮೇಲೆ ಮಸಿ. ಆಗ ಕೈ ಹಾಕಬಾರದು, ಕಾಯಬೇಕು.
ಆಮೇಲೆ ಗುಲಗಂಜಿಯ ಕೆಂಪು.
ತನ್ನನ್ನು ತೂಗಿದ ಬೀಜದ ಬಣ್ಣಕ್ಕೇ ಚಿನ್ನ ತಿರುಗಿತೆಂದು
ಯಾವ ಪ್ರಬಂಧದಲ್ಲಿ ಬರೆಯಲಿ?

ತ್ರಿಕೋಣಗಳನ್ನು ಮೊದಲು ಕಂಡವಳು ಮುಕ್ತಾ ಪಾಟಸ್ಕರ್,
ಭೋರ್ ಕಡೆಯ ಹುಡುಗಿ, ನನ್ನ ಎರಡನೆಯ ವಿದ್ಯಾರ್ಥಿನಿ.
ಮೈಕ್ರೋಸ್ಕೋಪು ನಮ್ಮ ಪಾಲಿಗೆ ಬರುವುದು ಬುಧವಾರ, ರಾತ್ರಿ ಎರಡಕ್ಕೆ.
ಹೆಜ್ಜೆ ಸಪ್ಪಳಕ್ಕೂ ಚಿತ್ರ ನಡುಗುವ ಕೋಣೆ ಅದು,
ಕುಣಿಯುವಂತಿಲ್ಲ.
ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿ ನಕ್ಕಳು.
ಪರದೆಯ ತುಂಬ ಮೂರು ಮೂಲೆಯ ಚಿನ್ನ,
ಕತ್ತರಿಸಿ ಚೆಲ್ಲಿದಂತೆ.

ಪ್ರಬಂಧ ಅಚ್ಚಾಯಿತು. ಒಂದು ಶಾಲು, ಬುಸಾನ್‌ಗೆ ಒಂದು ಟಿಕೆಟು.
ಆಮೇಲೆ ಹೊಸ ಬಾಟಲಿ ಬಂತು,
ಕಣಗಳಿಗೆ ಅಂಗಿ ತೊಡಿಸುವ ಬಿಳಿ ಸಾಬೂನು ಪುಡಿ,
ಶುದ್ಧತೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು,
ಎರಡು ಪಟ್ಟು ಬೆಲೆ. ಹೆಮ್ಮೆಯಿಂದ ಮುಚ್ಚಳ ತೆಗೆದೆ.

ಉಂಡೆ.
ಮರುದಿನವೂ ಉಂಡೆ. ಹನ್ನೊಂದು ತಿಂಗಳು ಬರೀ ಉಂಡೆ.
ನೀರು ಬದಲಿಸಿದೆವು, ಬೀಕರು ಬದಲಿಸಿದೆವು,
ಮುಕ್ತಾ ಗುರುವಾರ ಉಪವಾಸ ಶುರುಮಾಡಿದಳು, ನಾನು ನೋಡದವಳಂತಿದ್ದೆ.
ಹೊರದೇಶದಿಂದ ಕಾಗದ ಬಂತು, ಬಹಳ ವಿನಯದ್ದು:
ನಮ್ಮಲ್ಲಿ ಆಗುತ್ತಿಲ್ಲ, ನಿಮ್ಮಲ್ಲಿ ಈಗಲೂ ಆಗುತ್ತದೆಯೆ?
ಮಾರ್ಚಿಗೆ ಅವಳ ಫೆಲೋಶಿಪ್ ಮುಗಿಯಿತು.
ಚಾಕಣದ ಬಣ್ಣದ ಕಾರ್ಖಾನೆಗೆ ಹೋದಳು.
ಬಿಳಿ ಕೋಟು ಗೂಟದಲ್ಲೇ ಉಳಿಯಿತು.

ಆಗಸ್ಟಿನಲ್ಲಿ ಗಾಜು ತೊಳೆಯುವ ಧೋಂಡಿರಾಮ್ ಸಾಬಳೆ
ಕಂಕುಳಲ್ಲಿ ಸ್ಟಾಕ್ ಬುಕ್ಕು, ಕೈಯಲ್ಲಿ ಹಳೇ ಬಾಟಲಿ ಹಿಡಿದು ಬಂದ.
"ಮ್ಯಾಡಮ್, ಇದನ್ನು ಲೆಕ್ಕದಿಂದ ತೆಗೆಯಬೇಕು.
ಸಹಿ ಇಲ್ಲದೆ ಎಸೆದರೆ ನನ್ನ ಪೆನ್ಶನ್‌ಗೆ ಬರುತ್ತೆ."
ತಳದಲ್ಲಿ, ಗಟ್ಟಿ ಕಟ್ಟಿ, ಎರಡು ಚಮಚ ಪುಡಿ.

ಅದರಲ್ಲಿತ್ತು. ಹತ್ತು ಲಕ್ಷಕ್ಕೆ ಬೆರಳೆಣಿಕೆಯ ಅಯೊಡೈಡು,
ಎಲ್ಲೋ ಯಾರದೋ ಅಜಾಗರೂಕತೆ,
ಚಿನ್ನದ ಒಂದು ಮೈಗೆ ಅಂಟಿ, ಇಲ್ಲಿ ಬೆಳೆಯಬೇಡ ಎಂದು ತಡೆದು
ಮೂಲೆಗಳನ್ನು ಮಾಡಿದ ಕೊಳೆ.

ನನಗೆ ಏಳು ವರ್ಷವಿದ್ದಾಗಲೇ ಅಪ್ಪ ಹೇಳಿದ್ದ,
ಗಿರಾಕಿಯೊಬ್ಬಳಿಗೆ, ಊದುಗೊಳವೆ ಬಾಯಿಂದ ತೆಗೆದು:
"ಅಪರಂಜಿ ಪೆಟ್ಟಿಗೆಯಲ್ಲಿಡಲಿಕ್ಕೆ ಅಮ್ಮಾ.
ಮೂಗುಬೊಟ್ಟು ಮೂಗಿನ ಮೇಲೆ ನಿಲ್ಲಬೇಕಾದರೆ ಚೂರು ತಾಮ್ರ ಬೇಕು."
ಕೇಳಿಸಿಕೊಂಡಿದ್ದೆ. ಗಣಿತದ ಪುಸ್ತಕದಿಂದ ತಲೆ ಎತ್ತಿರಲಿಲ್ಲ.

ಬಡ್ತಿಯ ಸಮಿತಿಯಲ್ಲಿ ಒಬ್ಬರು ಕನ್ನಡಕ ಒರೆಸುತ್ತ ಕೇಳಿದರು:
"ಅಂದರೆ ನಿಮ್ಮ ಶೋಧವೆಂಬುದು ಬಾಟಲಿಯ ಕೊಳಕು?"
ಹೌದು ಎಂದೆ. ಏನೋ ಬರೆದುಕೊಂಡರು.
ಆ ವರ್ಷ ಬಡ್ತಿ ಇಲ್ಲ.

ಅಂದೇ ರಾತ್ರಿ ಮುಕ್ತಾಗೆ ಫೋನು ಮಾಡಿದೆ.
ಕಂಪನಿಯ ಬಸ್ಸಿನಲ್ಲಿದ್ದಳು, ಹಿಂದೆ ಹಾರ್ನುಗಳು.
ಹಳೇ ಬಾಟಲಿ ಎಂದೆ, ಅಷ್ಟೆ.
ಅವಳು ಲಾಟ್ ನಂಬರು ಹೇಳಿದಳು, ಹನ್ನೆರಡು ಅಂಕಿ,
ಮಗ್ಗಿ ಒಪ್ಪಿಸಿದ ಹಾಗೆ.
ಆಮೇಲೆ ಬಹಳ ಹೊತ್ತು ಬಸ್ಸಿನ ಸದ್ದು ಮಾತ್ರ.

ಧೋಂಡಿರಾಮ್ ಈಗಲೂ ತಿಂಗಳಿಗೊಮ್ಮೆ ಬುಕ್ಕು ತರುತ್ತಾನೆ.
ಸಹಿ ಹಾಕಿಲ್ಲ.