ಲ್ಲಾನ್

ಬ್ರೆಕನ್ ಬೆಟ್ಟದ ತಪ್ಪಲು, ಮಾರ್ಚಿನ ರಾತ್ರಿ.
ಕುರಿಯ ಬಸಿರೊಳಗೆ ಮೊಣಕೈವರೆಗೂ ಕೈಯಿಟ್ಟು
ಮರಿಯ ಕಾಲು ತಡಕುತ್ತಿದ್ದೆ.
ಟಾರ್ಚು ಹಿಡಿದ ಯೊರ್ವರ್ತ್ ಮುದುಕ
ನನ್ನ ಉಚ್ಚಾರ ತಿದ್ದುತ್ತಿದ್ದ.
ಲ ಅಲ್ಲ, ಳ ಅಲ್ಲ,
ನಾಲಗೆಯ ಪಕ್ಕದಿಂದ ನುಸುಳುವ ಗಾಳಿ.
ನಾವು ಶಾಸನದಲ್ಲೇ ಬಿಟ್ಟುಬಂದ ೞ
ಯಾಕೋ ನೆನಪಾಯಿತು.

ಲ್ಲಾನ್ ಅಂದರೆ ಚರ್ಚು,
ಇಲ್ಲಿ ಎಷ್ಟೋ ಊರ ಹೆಸರಿಗೆ ಅದೇ ತಲೆಬಾಗಿಲು.
‘ಅದಕ್ಕೂ ಮೊದಲು?’
‘ಬರೀ ಬೇಲಿ.
ಪೆರ್‌ಲ್ಲಾನ್, ಹಣ್ಣಿನ ತೋಟ.
ಕೋರ್‌ಲಾನ್, ನೀನೀಗ ಮಂಡಿಯೂರಿದ ಈ ದೊಡ್ಡಿ.
ಸಂತ ಬಂದದ್ದು ಆಮೇಲೆ.’

ಗುಡಿಸಲೊಳಗಿನ ಗುಡಿ ನನಗೂ ಆಗ ಕಂಡಿತು.
ಬಸದಿ, ಬರಿಯ ವಸತಿ;
ಒಂದು ರಾತ್ರಿ ತಂಗಲು ಜಾಗ ಕೇಳಿದ ಮಾತು.
ಗರ್ಭಗುಡಿ ಅಂದವರು ಮಾತ್ರ
ಯಾರೋ ಸೂಲಗಿತ್ತಿಯೇ ಇರಬೇಕು.

ಮೇಲಿನ ಚರ್ಚು ಪಾಳುಬಿದ್ದು ಹನ್ನೊಂದು ವರ್ಷ.
ಬಾಗಿಲಿಲ್ಲ. ಚಳಿಗೆ ಇವನ ಕುರಿಗಳು
ವೇದಿಕೆಯ ಮೆಟ್ಟಿಲಲ್ಲಿ ಮಲಗಿ ಮೆಲುಕು ಹಾಕುತ್ತವೆ.
‘ಓಡಿಸುವುದಿಲ್ಲವೇ?’
‘ಹೆಸರು ಅವುಗಳದೇ ಅಲ್ಲವೇ’ ಅಂದ,
ಮೂಗೊರೆಸಿಕೊಂಡ.

ಅಷ್ಟರಲ್ಲಿ ಬೆರಳಿಗೆ ಸಿಕ್ಕವು,
ಒಂದು, ಎರಡು, ಮೂರು ಮುಂಗಾಲು.
ಅವಳಿ.
ಯೊರ್ವರ್ತ್, ಬೆಳಕು ಈ ಕಡೆ ಹಿಡಿ.