ಎಣಿಕೆ

ಇರ್ಪಿನ ಚೆಕ್‌ಪೋಸ್ಟಿನಲ್ಲಿ ಮೊದಲು ಎಣಿಸಿದ್ದು ಪ್ಲಾಸ್ಟಿಕ್.
ನೀರಿನ ಬಾಟಲಿ ಮೂರು, ಬಿಸ್ಕತ್ತಿನ ಕವರು ಎರಡು,
ನನ್ನ ಮಂಡಿನೋವಿನ ಮುಲಾಮಿನ ಟ್ಯೂಬು,
ಅಕ್ಕಿ ಒತ್ತಿ ಸುತ್ತಿದ್ದ ಹಾಳೆ.
ಒಟ್ಟು ಏಳು, ಬರೆದುಕೊಂಡ ಗಾರ್ಡು.
"ಇಳಿಯುವಾಗ ಏಳೂ ತೋರಿಸಬೇಕು,
ಇಲ್ಲದಿದ್ದರೆ ಡಿಪಾಸಿಟ್ ಹೋಯಿತು."

ಅಣ್ಣನ ಮಗ ಮಂದಣ್ಣನ ಎಣಿಕೆಯೇ ಬೇರೆ.
ರಾತ್ರಿಯೇ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ:
ಆನೆ, ಹುಲಿ, ಕಾಟಿ, ಕಡವೆ, ಮಂಗಟ್ಟೆ ಹಕ್ಕಿ.
ಪ್ರತಿಯೊಂದರ ಮುಂದೆ
ಅಳತೆಪಟ್ಟಿ ಇಟ್ಟು ಎಳೆದ ಖಾಲಿ ಚೌಕ.

ಮುಂದೆ ನಡೆದವನು ವಾಚರ್ ಬೊಳಕ.
ಅವನಿಗೆ ಚಪ್ಪಲಿ ಸಾಕು; ನಮಗೆ ಬೂಟು, ನಶ್ಯ, ಉಪ್ಪಿನ ಗಂಟು.
ಜಲಪಾತದ ಸದ್ದು ಹಿಂದೆ ಬಿದ್ದು
ಎರಡನೇ ತಿರುವಿನಲ್ಲಿ ಕಾಡು ಕಿವಿಗೆ ಹತ್ತಿತು.
ನಾನು ಮಾತಾಡುತ್ತಲೇ ಇದ್ದೆ,
ಗೋಣಿಕೊಪ್ಪದ ಬಸ್ಸು, ನನ್ನ ಹೊಲಿಗೆ ಅಂಗಡಿ, ಅದರ ಬಾಡಿಗೆ,
ಉಸಿರು ಇದ್ದಷ್ಟು ಹೊತ್ತು.

ಬೊಳಕ ಕುಕ್ಕರಗಾಲಲ್ಲಿ ಕೂತ.
ದಾರಿಯ ನಡುವೆ ಬುಟ್ಟಿ ಮಗುಚಿದಂತೆ ಲದ್ದಿ,
ಬೈನೆಯ ನಾರು, ಇಡಿಯಾಗಿ ಉಳಿದ ಹಲಸಿನ ಬೀಜ.
ಜ್ವರದ ಮಗುವಿನ ಹಣೆಗೆಂಬಂತೆ ಅಂಗೈ ಇಟ್ಟ.
"ಬಿಸಿ ಇದೆ."
ಅಷ್ಟೇ ಅಂದದ್ದು.
ನನ್ನ ಹೊಲಿಗೆ ಅಂಗಡಿ ಅಲ್ಲೇ ಮುಚ್ಚಿತು.

ಮಂದಣ್ಣನೂ ಮುಟ್ಟಿದ. ಪೆನ್ಸಿಲು ತೆಗೆದ.
ಕಾಣದ್ದಕ್ಕೆ ಗುರುತು ಹಾಕುವುದು ಸುಳ್ಳಲ್ಲವೇನೋ, ಎಂದೆ ಪಿಸುಗುಟ್ಟಿ.
"ಬಿಸಿ ಇತ್ತಲ್ಲ, ಅತ್ತೆ."

ಶೋಲ ಮುಗಿದು ಹುಲ್ಲು ಶುರುವಾದಲ್ಲಿ
ಗಾಳಿ ಮಂಡಿಯನ್ನೂ ಬಿಡಲಿಲ್ಲ.
ಆಚೆ ವಯನಾಡು, ಈಚೆ ನಾವು,
ನಡುವೆ ಒಂದು ಗಡಿಕಲ್ಲು;
ಕಲ್ಲಿಗೆ ಯಾವುದೋ ಮೈ ತಿಕ್ಕಿಹೋದ ಕೆಸರು, ಮೂರು ಕೂದಲು.
ಕಡವೆಯಾ? ಎಂದೆ.
ಬೊಳಕ ಕೂದಲು ಮೂಸಿ ನಕ್ಕ, ಹೇಳಲಿಲ್ಲ.
ಹುಡುಗ ಆ ಚೌಕವನ್ನು ಖಾಲಿಯೇ ಬಿಟ್ಟ.
ಒತ್ತಿ ತಣ್ಣಗಾಗಿತ್ತು. ಯಾರೂ ದೂರಲಿಲ್ಲ.

ಇಳಿದಾಗ ಗಾರ್ಡು ಮತ್ತೆ ಎಣಿಸಿದ: ಏಳು.
ಹಣ ವಾಪಸು.
ಲೆಕ್ಕ ಸರಿಯಾಗಿತ್ತು,
ಬಸ್ಸು ಹತ್ತಿ ಬೂಟು ಬಿಚ್ಚುವವರೆಗೆ.
ಕಾಲ್ಚೀಲದೊಳಗೆ ಕಪ್ಪು ದ್ರಾಕ್ಷಿಯ ಹಾಗೆ
ಹೊಟ್ಟೆ ತುಂಬಿ ಮಲಗಿತ್ತು ಒಂದು ಜಿಗಣೆ.
ಉಪ್ಪಿನ ಗಂಟು ಬಿಚ್ಚಿದೆ.
ಮಂದಣ್ಣ ನನ್ನ ಕೈ ಹಿಡಿದ:
"ತಡಿ ಅತ್ತೆ, ಇದೊಂದನ್ನು ಕಂಡೇ ಕಂಡಿದ್ದೇವೆ."

ಟಿಕೆಟ್ಟಿನ ಮೇಲೆ ಎತ್ತಿ ಕಿಟಕಿಯಾಚೆ ಬಿಟ್ಟೆವು.
ಪುಟದ ತಳದಲ್ಲಿ, ಅಳತೆಪಟ್ಟಿ ಇಲ್ಲದೆ,
ಕುಲುಕುವ ಬಸ್ಸಿನಲ್ಲಿ ಎಳೆದ ಚೌಕ ಸೊಟ್ಟ.
ನನ್ನ ರಕ್ತ ನಿಲ್ಲಲು
ಶ್ರೀಮಂಗಲ ದಾಟಬೇಕಾಯಿತು.