ಕಪ್ಪು ತಂತಿ

ಕಂದು ಯಾವುದು, ಹಸಿರು ಯಾವುದು,
ನನ್ನ ಕಣ್ಣಿಗೆ ಎರಡೂ ಒಂದೇ ಕೆಸರು.
ಹದಿನಾರರಲ್ಲಿ ರೈಲ್ವೆ ಡಾಕ್ಟರ್
ಚುಕ್ಕೆಗಳ ಪುಸ್ತಕ ತೆರೆದು ಅಂಕಿ ಕೇಳಿದ.
ಚುಕ್ಕೆ ಕಂಡವು, ಅಂಕಿ ಕಾಣಲಿಲ್ಲ.
ಕರೆಂಟಿನ ಕೆಲಸಕ್ಕೆ ಲಾಯಕ್ಕಲ್ಲ ಎಂದು ಬರೆದು
ಶಾಯಿ ಆರಲೆಂದು ಊದಿದ.

ನಲವತ್ತೊಂಬತ್ತು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದೆ.

ಈಗ ಸ್ವಾನ್ಸಿಯ ಮೇಲಿನ ಈ ಕಣಿವೆಯಲ್ಲಿ,
ತಗಡಿನ ಶೆಡ್ಡಿನಲ್ಲಿ, ಅರವತ್ತೈದರ ಮಾರಿಸ್ ಮೈನರ್.
ಬಣ್ಣ ಮುಗಿದಿದೆ. ಪಾರಿವಾಳದ ಬೂದು, ಡಬ್ಬಿಯ ಪ್ರಕಾರ.
ಗಾಜಿಲ್ಲ, ಸೀಟಿಲ್ಲ, ಕರುಳಿಲ್ಲ.
ಕರುಳು ಅಂಚೆಯಲ್ಲಿ ಬಂತು:
ಹತ್ತಿಯ ನೂಲು ಹೆಣೆದ ಹೊಸ ವೈರಿಂಗ್ ಕಟ್ಟು,
ಮೆತ್ತಗಾಗಲೆಂದು ಒಲೆಯ ಬಳಿ ಇಟ್ಟರೆ
ಬೆಕ್ಕಿನಂತೆ ಸುತ್ತಿ ಮಲಗಿತು.

ಪಕ್ಕದ ಮನೆಯ ಮೊರ್ವಿದ್ ಬಂದಳು, ಕನ್ನಡಕ ಒರೆಸುತ್ತ.
ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ
ಇಂಥವನ್ನೇ ಹೆಣೆದವಳು.
"ನಾವು ಇದನ್ನು ಲೂಮು ಅನ್ನುತ್ತಿದ್ದೆವು, ಮಗ್ಗ.
ಯಾಕೆ ಅಂತ ಯಾರೂ ಹೇಳಲಿಲ್ಲ.
ಹಾಸು ಇತ್ತು, ಹೊಕ್ಕು ಇರಲಿಲ್ಲ.
ಬಟ್ಟೆಯಂತೂ ಎಂದೂ ಬರಲಿಲ್ಲ."

ಹಳೆಯದನ್ನು ಎಳೆದು ತೆಗೆಯುವ ಮುಂಚೆ
ಅದರ ಬಾಲಕ್ಕೆ ಸಣಬಿನ ದಾರ ಕಟ್ಟಿದ್ದೆ.
ಸತ್ತದ್ದು ಹೊರಬಂತು, ದಾರ ಒಳಗುಳಿಯಿತು,
ಚೌಕಟ್ಟಿನ ಸುರಂಗದಲ್ಲಿ ಎರಡು ಚಳಿಗಾಲ
ದಾರಿ ಮರೆಯದೆ.
ಅದೇ ದಾರಕ್ಕೆ ಈಗ ಹೊಸದರ ಮೂಗು ಕಟ್ಟಿ,
ಮೈಗೆಲ್ಲ ಮಕ್ಕಳ ಪೌಡರು ಬಳಿದು,
ಹಿಂದಿನಿಂದ ನಾನು ಎಳೆದೆ, ಮುಂದಿನಿಂದ ಅವಳು ಉಣಿಸಿದಳು.
"ಎಳಿ. ನಿಲ್ಲು. ಸಿಕ್ಕಿಕೊಂಡಿತು. ಬೈಯಬೇಡ.
ಎಳಿ."

ಆಮೇಲೆ ಡ್ಯಾಶ್‌ಬೋರ್ಡಿನಡಿ ಅಂಗಾತ ಮಲಗಿ
ಒಂದೊಂದೇ ತುದಿ ಹಿಡಿದು ತೋರಿಸಿದೆ.
ಹಾಜರಿ ಕೂಗುವ ಮೇಷ್ಟರಂತೆ ಅವಳು:
ಕಂದು, ಬ್ಯಾಟರಿಯದು, ಗಾಡಿ ಮಲಗಿದರೂ ಇದಕ್ಕೆ ಎಚ್ಚರ.
ಬಿಳಿ, ಕೀಲಿ ತಿರುಗಿದರೆ ಮಾತ್ರ.
ಹಸಿರಿಗೆ ಕೆಂಪು ಗೆರೆ, ಎಡಕ್ಕೆ ತಿರುಗುವಾಗ.
ಹಸಿರಿಗೆ ಬಿಳಿ ಗೆರೆ...
"ಹಸಿರು ಅಂದರೆ ನಿನ್ನ ಗಂಡನ ಸ್ವೆಟರಿನದೇ?" ಕೇಳಿದೆ.
"ಅದು ಕಂದು. ಹಸಿರು ಅಂತ ಯಾರು ಹೇಳಿದ್ದು?"
ಯಾರೂ ಹೇಳಿರಲಿಲ್ಲ.
ಅವನು ಹೋಗುವವರೆಗೂ ಬೇಲಿಯಾಚೆಯ ಆ ಹಸಿರಿಗೆ
ದಿನಾ ಬೆಳಿಗ್ಗೆ ಕೈ ಎತ್ತಿದ್ದೆ.

ಕತ್ತಲಾಯಿತು. ಬ್ಯಾಟರಿ ಜೋಡಿಸಿದೆವು.
ಅವಳು ಮುಂದೆ ನಿಂತಳು, ನಾನು ಬ್ರೇಕ್ ಒತ್ತಿದೆ.
ಹಿಂದಿನ ಗೋಡೆಯ ಮೇಲೆ ಬೆಳಕೇ ಬೀಳಲಿಲ್ಲ.
"ಎಮ್ರಿಸ್," ಎಂದಳು, "ಮುಂದಿನ ಪುಟ್ಟ ದೀಪಗಳು
ಜ್ವರದ ಮಗುವಿನ ಹಾಗೆ ಕಣ್ಣು ಬಿಡುತ್ತಿವೆ."
ಕಾಲು ತೆಗೆದೆ, ಮುಚ್ಚಿದವು. ಒತ್ತಿದೆ, ಬಿಟ್ಟವು.

ಅವಳು ಹೇಳಿದ ಬಣ್ಣ ಒಂದೂ ತಪ್ಪಿರಲಿಲ್ಲ.
ಹೊರಟ ಕರೆಂಟು ಮನೆಗೆ ಮರಳಲು ದಾರಿ ಸಿಗದೆ
ಪಕ್ಕದವರ ಅಂಗಳ ಹಾಯ್ದು, ಅಡುಗೆಮನೆ ಹಾಯ್ದು,
ಯಾರದೋ ಹಿತ್ತಿಲಿನಿಂದ ಹೊರಬೀಳುತ್ತಿತ್ತು.

ಕಪ್ಪು ತಂತಿ. ಅರ್ತ್ ಅನ್ನುತ್ತಾರೆ, ಭೂಮಿಯದು.
ನಾಲ್ಕು ರಬ್ಬರಿನ ಮೇಲೆ ನಿಂತ ಗಾಡಿಗೆ
ಭೂಮಿ ಎಲ್ಲಿಂದ? ತಗಡೇ ನೆಲ, ಮೈಯೇ ಮಣ್ಣು.
ಆ ಮಣ್ಣಿನ ಮೇಲೆ ನಾನು ಒಂಬತ್ತು ತಿಂಗಳು
ಉಜ್ಜಿ, ಬಳಿದು, ಮತ್ತೆ ಉಜ್ಜಿ
ಏಳು ಪದರ ಬಣ್ಣ ಹಾಸಿದ್ದೆ.
ಬಣ್ಣ ಕರೆಂಟನ್ನು ಒಳಗೆ ಬಿಡುವುದಿಲ್ಲ.

ಮೊರ್ವಿದ್ ಚೀಲದಿಂದ ಉಗುರಿನ ಅರ ತೆಗೆದು ಕೊಟ್ಟಳು.
ಡಿಕ್ಕಿಯ ಮೂಲೆಯಲ್ಲಿ, ಬೋಲ್ಟಿನ ಸುತ್ತ,
ಒಂದು ಪೆನ್ನಿಯಗಲ ಕೆರೆದೆ. ಹೊಟ್ಟೆ ಉರಿಯಿತು.
ಪಾರಿವಾಳ ಹೋಯಿತು. ಅದರಡಿಯ ಪ್ರೈಮರ್ ಹೋಯಿತು,
ಕೆಂಪೋ ಕಂದೋ, ಕೇಳಲಿಲ್ಲ.
ತಗಡು ಹೊಳೆಯಿತು.
ಆ ಬಣ್ಣ ನನಗೆ ಗೊತ್ತು.

ಕಪ್ಪು ತಂತಿಯ ಉಂಗುರ ಅಲ್ಲಿ ಕೂರಿಸಿ ಬಿಗಿದೆ.
ಈ ಸಲ ಅವಳು ಒಳಗೆ, ಸೀಟಿನ ಜಾಗದಲ್ಲಿ
ಮಡಿಸಿದ ಕಂಬಳಿಯ ಮೇಲೆ. ನಾನು ಹಿಂದೆ.
ಒತ್ತಿದಳು.
ಗೋಡೆಯ ಸಲಿಕೆ, ಏಣಿ, ಹಳೆಯ ಕ್ಯಾಲೆಂಡರು
ಎಲ್ಲವೂ ಒಮ್ಮೆಲೇ ಎದ್ದವು.

"ಯಾವ ಬಣ್ಣ?" ಒಳಗಿಂದ ಕೂಗಿದಳು.
ನೋಡಲು ಅವಳೇ ಇಳಿದು ಬಂದರೆ ಆರಿಹೋಗುತ್ತದೆ.
"ಸರಿಯಾದ್ದೇ," ಎಂದೆ.
"ಕಾಲು ತೆಗೀಬೇಡ."